ನೀರಗಂಟಿ ಅಂಜಿನಕ್ಕ ಮತ್ತು ಹದಿನಾಲ್ಕು ಕೆಂಪು ಸುತ್ತು

ಗಾಜಿನ ತುದಿಗೆ ಕಟ್ಟಿದ ಪೊರೆ ಎರಡು ಸಲ ಒರೆಸಿದರೂ ಬಿಟ್ಟಿಲ್ಲ. ಅಂಜಿನಕ್ಕ ಬಟ್ಟೆಯ ಇನ್ನೊಂದು ಮೂಲೆಯನ್ನು ಬಾಟಲಿಯ ನೀರಿನಲ್ಲಿ ಅದ್ದಿ, ಹಿಂಡಿ, ಮತ್ತೆ ಒರೆಸುತ್ತಾಳೆ. ಉಜ್ಜುವ ಹಾಗಿಲ್ಲ. ಮೇಲಿನಿಂದ ಕೆಳಕ್ಕೆ, ಒಂದೇ ದಿಕ್ಕಿಗೆ, ಕೂಸಿನ ಮೂಗು ಒರೆಸಿದ ಹಾಗೆ. ಮೊಬೈಲಿನ ಟಾರ್ಚು ಮೋಟಾರು ಮನೆಯ ಗೂಡಿನಲ್ಲಿ ಉರಿಯುತ್ತಿದೆ. ಹೊರಗೆ ಕುರಿಹಟ್ಟಿಯ ಕಡೆಯಿಂದ ಒಂದು ನಾಯಿ ಬಿಟ್ಟು ಬಿಟ್ಟು ಬೊಗಳುತ್ತಿದೆ. ಪೊರೆ ಕೊನೆಗೂ ಹೋಗುತ್ತದೆ. ಗಾಜನ್ನು ಸ್ಟೀಲಿನ ಬಟ್ಟಲಿಗೆ ಇಳಿಬಿಟ್ಟು ಮುಚ್ಚಳ ತಿರುವಿದರೆ ಗೋಡೆಯ ಮೇಲಿನ ಪೆಟ್ಟಿಗೆಯಲ್ಲಿ ಹಸಿರು ದೀಪ ಮಿಟುಕಿ ಅಂಕಿ ಮೂಡುತ್ತದೆ: ೧.೨.

ಅಷ್ಟಕ್ಕೇ ಮುಗಿಯುವುದಿಲ್ಲ. ಬೆರಳುದ್ದದ ನಳಿಗೆಯಲ್ಲಿ ಅದೇ ನೀರು ಹಿಡಿದು ಐದು ಹನಿ ಔಷಧಿ ಬಿಡಬೇಕು. ನೀರು ಗುಲಾಬಿಯಾಗಿಯೇ ನಿಂತರೆ ಒಳ್ಳೆಯದು, ಹಳದಿಗೆ ತಿರುಗಿದಷ್ಟೂ ಫ್ಲೋರೈಡ್ ಹೆಚ್ಚು. ಬಣ್ಣದ ಪಟ್ಟಿಯ ಪಕ್ಕಕ್ಕೆ ಹಿಡಿದು, ಕಣ್ಣು ಕಿರಿದು ಮಾಡಿ, ಅದನ್ನೂ ಪುಸ್ತಕದಲ್ಲಿ ಬರೆಯುತ್ತಾಳೆ. ಕೆಳಗೆ ಸಹಿ. ಆಮೇಲೆ ಸೆರಗು ಸಿಕ್ಕಿಸಿಕೊಂಡು ಮೊದಲನೇ ವಾಲಿನ ಕಡೆ ನಡೆಯುತ್ತಾಳೆ.

ಕೂಡ್ಲಿಗಿ ತಾಲ್ಲೂಕಿನ ಹೊಸಹಳ್ಳಿ ಹೋಬಳಿಯ ಈ ಊರಿನ ಹೆಸರು ಇಲ್ಲಿ ಬೇಕಿಲ್ಲ. ಮುನ್ನೂರ ನಲವತ್ತು ಮನೆ, ಮೂರು ಕೊಳವೆಬಾವಿ, ಹನ್ನೊಂದು ವಾಲು. ಅಷ್ಟಕ್ಕೂ ಒಬ್ಬಳೇ ನೀರಗಂಟಿ. ನಲವತ್ತಾರು ವರ್ಷದ ಅಂಜಿನಕ್ಕ ನಾಲ್ಕೂವರೆಗೆ ಏಳುತ್ತಾಳೆ, ದಿನಕ್ಕೆ ಐದು ಕಿಲೋಮೀಟರಿನಷ್ಟು ನಡೆಯುತ್ತಾಳೆ, ಒಂಬತ್ತು ವರ್ಷದಲ್ಲಿ ರಜೆ ಹಾಕಿದ್ದು ಮಗಳ ಮದುವೆಯ ವಾರ ಮಾತ್ರ. "ವಾಲು ತಿರುವೋದು ಏನ್ ದೊಡ್ಡದಲ್ರಿ. ತುಕ್ಕು ಹಿಡಿದಿರ್ತಾವು, ಕೈ ಸುಲೀತಾವು. ಒಂದು ಓಣಿಗೆ ಹತ್ತು ನಿಮಿಷ ತಡಾ ಆತು ಅಂದ್ರ ಮಂದಿ ಬಾಯಿ ಅದಕ್ಕಿಂತ ಜಾಸ್ತಿ ಸುಲೀತೈತಿ," ಎಂದು ನಗುತ್ತಾಳೆ.

ಮೊದಲು ಈ ಕೆಲಸ ಗಂಡ ಅಜ್ಜಯ್ಯನದು. ಈಗ ಅವನು ಕತ್ತು ತಿರುಗಿಸಬೇಕಾದರೆ ಇಡೀ ಮೈ ತಿರುಗಿಸುತ್ತಾನೆ. ಮೊಣಕಾಲು ಮಡಚುವುದಿಲ್ಲ. ಎರಡನೇ ಕೊಳವೆಬಾವಿಯ ನೀರು ಮೂವತ್ತು ವರ್ಷ ಕುಡಿದದ್ದರ ಫಲ ಎಂದು ಆಸ್ಪತ್ರೆಯಲ್ಲಿ ಹೇಳಿದ್ದಾರೆ. "ಊರಿಗೆಲ್ಲ ನಾನs ಬಿಟ್ಟ ನೀರು. ಬೈಬೇಕಂದ್ರ ನನ್ನನ್ನs ಬೈಕೊಬೇಕು," ಎನ್ನುತ್ತಾನೆ ಅಜ್ಜಯ್ಯ, ಕಟ್ಟೆಯ ಮೇಲೆ ಗೂಟದ ಹಾಗೆ ನೆಟ್ಟಗೆ ಕೂತು.

ಹದಿನಾರು ತಿಂಗಳ ಹಿಂದೆ ಆ ಬಾವಿಯ ಮೋಟಾರು ಮನೆಗೆ ಬೆಳಕಿನ ಪೆಟ್ಟಿಗೆ ಬಂತು. ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯವರು ಪರೀಕ್ಷೆಗೆಂದು ಕೂರಿಸಿದ್ದು. ಅದರ ಮೇಲೆಯೇ ಪಿಎಚ್.ಡಿ. ಮಾಡುತ್ತಿರುವ ಕೀರ್ತನಾ ಹರಪನಹಳ್ಳಿಯ ಹುಡುಗಿ. ಹದಿನೈದು ದಿನಕ್ಕೊಮ್ಮೆ ಬರುತ್ತಾಳೆ. ಮೊದಲ ದಿನ ಗಾಜಿನ ತುದಿಯಲ್ಲಿ ಕೂರುವ, ಉಗುರಿನಷ್ಟು ಅಗಲದ ಚಿಪ್ ಒಂದನ್ನು ಅಂಗೈ ಮೇಲಿಟ್ಟು ತೋರಿಸಿದ್ದಳು. "ಅಕ್ಕ, ಇದರೊಳಗೆ ಕೂದಲಿಗಿಂತ ಸಣ್ಣ ಕಾಲುವೆ ಐತೆ. ನೀರು ಹರಿಯಲ್ಲ, ಬೆಳಕು ಹರಿಯುತ್ತೆ. ನಡುವೆ ಒಂದು ಉಂಗುರದಂಥ ಕಾಲುವೆ. ಬೆಳಕು ಅದರಲ್ಲಿ ಸುತ್ತು ಹೊಡೀವಾಗ ಹೊರಗಿನ ನೀರನ್ನ ಸವರಿಕೊಂಡು ಹೋಗುತ್ತೆ. ನೀರಲ್ಲಿ ಫ್ಲೋರೈಡ್ ಇದ್ರೆ ಆ ಸುತ್ತು ಒಂಚೂರು ಬದಲಾಗುತ್ತೆ. ಆ ಒಂಚೂರೇ ನಮಗೆ ಅಂಕಿ."

"ಅಂದ್ರ ಒಳಗೊಬ್ಬ ಬೆಳಕಿನ ನೀರಗಂಟಿ ಅದಾನ ಅನ್ರಿ," ಎಂದಳು ಅಂಜಿನಕ್ಕ. ಕೀರ್ತನಾ ಅದನ್ನು ಡೈರಿಯಲ್ಲಿ ಬರೆದುಕೊಂಡಳು.

ಪೆಟ್ಟಿಗೆ ಬಂದ ಮೇಲೆ ಊರಿಗೆ ಗೊತ್ತಿರದ ಒಂದು ಸಂಗತಿ ಗೊತ್ತಾಯಿತು. ಎರಡನೇ ಬಾವಿಯ ನೀರು ಇಡೀ ದಿನ ಒಂದೇ ಥರ ಇರುವುದಿಲ್ಲ. ಮೋಟಾರು ಹಚ್ಚಿದ ಮೊದಲ ತಾಸು ಒಂದು ಪಾಯಿಂಟ್ ಎರಡು. ನೀರು ಕೆಳಕ್ಕಿಳಿದಂತೆ ಒಂದು ಪಾಯಿಂಟ್ ಎಂಟು. ಒಂದೂವರೆ ದಾಟಿದರೆ ಕುಡಿಯಬಾರದು. ದಿನಕ್ಕೊಮ್ಮೆ ನೋಡುವ ಹನಿ ಔಷಧಿಗೆ ಇದು ಸಿಗುತ್ತಿರಲಿಲ್ಲ, ಕಾಲು ತಾಸಿಗೊಮ್ಮೆ ನೋಡುವ ಬೆಳಕಿಗೆ ಸಿಕ್ಕಿತು. ಅಂಜಿನಕ್ಕ ಪಂಚಾಯಿತಿಯನ್ನು ಕೇಳಲಿಲ್ಲ, ಯಾರನ್ನೂ ಕೇಳಲಿಲ್ಲ. ಮೊದಲ ತಾಸಿನ ನೀರು ಕುಡಿಯಲು, ಆಮೇಲಿನದು ಬಳಸಲು ಎಂದು ತಾನೇ ಪಾಳಿ ಬದಲಿಸಿಬಿಟ್ಟಳು.

ಆ ಪಾಳಿಗೆ ಊರು ಒಗ್ಗಿಕೊಂಡಿದೆ. ಬೆಳಗಿನ ನಲ್ಲಿ ಕಟ್ಟೆಯಲ್ಲಿ ಕೊಡ ಹಿಡಿದ ಹೆಂಗಸೊಬ್ಬಳು ಕೂಗುತ್ತಾಳೆ: "ಏನಂತೈತಿ ನಿನ್ನ ಪೆಟಿಗಿ? ಇವತ್ತು ಕುಡೀಬೌದಂತೇನು?"

"ಇನ್ನ ಅರ್ಧ ತಾಸು ಕುಡಿಯಾಕ. ಆಮ್ಯಾಲ ಬಂದದ್ದು ಪಾತ್ರಿ ತಿಕ್ಕಾಕ."

"ನೀರಿಗೂ ಜಾತಕ ಬರಿಸೀದೆಲ್ಲ ಮಾರಾಯ್ತಿ!"

"ನಿನ್ನ ಮದುವಿಗೆ ನೋಡ್ಲಿಲ್ಲ, ನೀರಿಗಾದ್ರೂ ನೋಡೋಣ ಅಂತ," ಎನ್ನುತ್ತಾಳೆ ಅಂಜಿನಕ್ಕ. ಕಟ್ಟೆಯೆಲ್ಲ ನಗುತ್ತದೆ.

ಅಂಜಿನಕ್ಕನ ಪುಸ್ತಕದಲ್ಲಿ ಒಂದು ದಿನವೂ ಸಹಿ ತಪ್ಪಿಲ್ಲ. ಆದರೆ ತಿಂಗಳಲ್ಲಿ ಮೂರು ದಿನ ಗಾಜು ಒರೆಸಿದ್ದು ಅವಳಲ್ಲ. ಅವಳ ಅತ್ತೆ, ಎಪ್ಪತ್ತು ದಾಟಿದ ಗಿಡ್ಡಮ್ಮ.

ಯಾರೂ ಹಾಗೆ ಮಾಡೆಂದು ಹೇಳಿರಲಿಲ್ಲ. ಪೆಟ್ಟಿಗೆ ಬಂದ ಎರಡನೇ ವಾರವೇ ಅಂಜಿನಕ್ಕ ಮುಟ್ಟಾದಳು. ಒಂಬತ್ತು ವರ್ಷದಿಂದ ಆ ದಿನಗಳಲ್ಲೂ ವಾಲು ತಿರುವಿದ್ದಾಳೆ. ಕಬ್ಬಿಣ, ಬೀದಿಯಲ್ಲಿರುವುದು, ಅದಕ್ಕೆ ಯಾವ ಮಡಿ. ಆದರೆ ಈ ಗಾಜು ಊರೇ ಕುಡಿಯುವ ನೀರಿನೊಳಗೆ ಇಳಿಯುವಂಥದ್ದು. ಮೋಟಾರು ಮನೆಯ ಗೂಡಿನಲ್ಲಿ ಗಂಗವ್ವನ ಕಲ್ಲಿದೆ, ವರ್ಷಕ್ಕೊಮ್ಮೆ ಉಡಿ ತುಂಬುತ್ತಾರೆ. ಕೈ ಮುಂದೆ ಹೋಗಲಿಲ್ಲ. "ಅತ್ತಿ, ಮೂರು ದಿನ ನೀ ಒರಸ್ತಿಯೇನ?" ಎಂದಳು. ಗಿಡ್ಡಮ್ಮ ಮರುದಿನ ಕೋಳಿ ಕೂಗುವ ಮೊದಲೇ ಎದ್ದು, ತೊಳೆದ ಸೀರೆ ಉಟ್ಟು ಹೊರಟಳು. ಕೀರ್ತನಾ ಆರಂಭದಲ್ಲೇ ಒಂದು ಮಾತು ಹೇಳಿದ್ದಳು, ದಿನಾ ಒಂದೇ ಕೈ ಒರೆಸಬೇಕು ಎಂದು. ಅದು ಅಂಜಿನಕ್ಕನಿಗೆ ನೆನಪಿತ್ತು. ಒಂದೇ ಮನೆಯ ಕೈ ಅಲ್ಲವೇ ಎಂದು ತನಗೆ ತಾನೇ ಹೇಳಿಕೊಂಡಳು. ಆ ದಿನಗಳಲ್ಲಿ ಗಿಡ್ಡಮ್ಮ ಹನಿ ಔಷಧಿ ಬಿಟ್ಟ ನಳಿಗೆಯನ್ನು ಸೆರಗಿನಡಿ ಮನೆಗೆ ತಂದು ಹೊಸ್ತಿಲ ಮೇಲಿಡುತ್ತಾಳೆ. ಅಂಜಿನಕ್ಕ ದೂರದಿಂದಲೇ ಬಣ್ಣ ನೋಡಿ ಬರೆದು ಸಹಿ ಹಾಕುತ್ತಾಳೆ. ಅಂಕಿಯನ್ನು ಪೆಟ್ಟಿಗೆ ತಾನೇ ಬೆಂಗಳೂರಿಗೆ ಕಳಿಸುತ್ತದೆ.

ಹೋದ ತಿಂಗಳ ಒಂದು ಮಧ್ಯಾಹ್ನ ಕೀರ್ತನಾ ಅಂಗಳದ ಹೊರಸಿನ ಮೇಲೆ ಉದ್ದನೆಯ ಕಾಗದ ಹರವಿದಳು. ಹದಿನೈದು ತಿಂಗಳ ಅಂಕಿಗಳೆಲ್ಲ ಸೇರಿ ಒಂದು ನೀಲಿ ಗೆರೆ. ಗೆರೆ ಅಲ್ಲಲ್ಲಿ ಹಳ್ಳಕ್ಕೆ ಬಿದ್ದಂತೆ ಕುಸಿದು ಮತ್ತೆ ಏಳುತ್ತದೆ. ಕುಸಿದಲ್ಲೆಲ್ಲ ಕೆಂಪು ಸುತ್ತು.

"ಹದಿನಾಲ್ಕು ಸಲ ಅಕ್ಕ. ಬಿದ್ರೆ ಮೂರು ದಿನ. ನಿಮ್ಮ ಹನಿ ಪರೀಕ್ಷೆ ಒಂದು ಪಾಯಿಂಟ್ ಎರಡು ಅನ್ನುತ್ತೆ, ನನ್ನ ಚಿಪ್ ಪಾಯಿಂಟ್ ಆರು ಅನ್ನುತ್ತೆ. ನಾಲ್ಕನೇ ದಿನ ಏನೂ ಆಗಿಲ್ಲದಂಗೆ ಸರಿ ಹೋಗುತ್ತೆ." ಕೀರ್ತನಾಳ ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. "ಬಿಸಿಲು ಅಂತ ಮುಚ್ಚಿಗೆ ಹಾಕಿಸಿದೆ. ಕರೆಂಟು ಅಂತ ಬ್ಯಾಟರಿ ಬದಲಿಸಿದೆ. ಒಬ್ರು ಅಮಾವಾಸ್ಯೆ ನೋಡು ಅಂದ್ರು, ಅದನ್ನೂ ನೋಡಿದೆ. ಮೊದಲು ಇಪ್ಪತ್ತೆಂಟು, ಇಪ್ಪತ್ತೊಂಬತ್ತು ದಿನಕ್ಕೆ ಸರಿಯಾಗಿ ಬೀಳ್ತಿತ್ತು. ಈಗ ಅದೂ ಇಲ್ಲ. ಇಪ್ಪತ್ತೆರಡಕ್ಕೆ ಒಮ್ಮೆ, ನಲವತ್ತಕ್ಕೆ ಒಮ್ಮೆ. ಮುದಿಯಾದಂಗೆ ಆಡ್ತೈತೆ."

ಅಂಜಿನಕ್ಕ ಕಾಗದದ ಮೇಲೆ ಬಗ್ಗಿದಳು. ಮೊದಲ ಸುತ್ತು, ಪೆಟ್ಟಿಗೆ ಬಂದ ಎರಡನೇ ವಾರ. ಆರನೆಯದು ಮಗಳ ಸೀಮಂತದ ಹಿಂದಿನ ದಿನ. ಅಂದು ಪೂಜೆಗೆ ಕೂರಲಾಗದೆ ಹಿತ್ತಲಲ್ಲಿ ಕೂತದ್ದು ಮರೆತಿಲ್ಲ. ಹನ್ನೊಂದನೆಯದರ ನಂತರ ಗೆರೆ ಉದ್ದಕ್ಕೆ ಹೋಗಿದೆ, ಆ ತಿಂಗಳು ನಿಂತೇ ಹೋಯಿತೇನೋ ಎಂದು ಹೆದರಿದ್ದಳು. ಗಂಡನಿಗೆ ಹೇಳದ ಲೆಕ್ಕ, ಮಗಳಿಗೆ ಹೇಳದ ಲೆಕ್ಕ, ಬೆಂಗಳೂರಿನಲ್ಲಿ ಅಚ್ಚಾಗಿ ಬಂದು ಅವಳ ಅಂಗಳದಲ್ಲೇ ಬಿಸಿಲಿಗೆ ಹರವಿಕೊಂಡು ಬಿದ್ದಿತ್ತು.

ಅವಳಿಗೆ ನಗು ಬಂತೋ ನಾಚಿಕೆ ಬಂತೋ ತಿಳಿಯಲಿಲ್ಲ. "ಕೀರ್ತಮ್ಮ, ಈ ಬೆಳಕಿಗೆ ಮನಷ್ಯಾರು ಕಾಣ್ತಾರೇನು?" ಎಂದು ಕೇಳಿದಳು.

"ಇಲ್ಲಕ್ಕ, ನೀರು ಮಾತ್ರ." ಕೀರ್ತನಾ ಕಾಗದ ಸುತ್ತಿದಳು. "ನಮ್ಮ ಸರ್, ಗುರುಸಂಗಪ್ಪನವರು, ಒಂದೇ ಸಲ ಟೈಮ್ ಕೊಟ್ಟಾರೆ. ಇನ್ನೊಮ್ಮೆ ಬಿದ್ರೆ ಪೆಟ್ಟಿಗೆ ಬಿಚ್ಚಿ ತಂದುಬಿಡು ಅಂದ್ರು. ಬೇರೆ ಊರು, ಬೇರೆ ಚಿಪ್. ನನ್ನ ಮೂರು ವರ್ಷ ಹೋಯ್ತು."

ಪೆಟ್ಟಿಗೆ ಹೋದರೆ ಹನಿ ಔಷಧಿಯೂ ಹೋಗುತ್ತದೆ. ಯಾವ ತಾಸಿನ ನೀರು ಕುಡಿಯುವುದು, ಯಾವುದು ಬೇಡ ಎಂದು ಹೇಳುವವರು ಮತ್ತೆ ಯಾರೂ ಇರುವುದಿಲ್ಲ. ಕಟ್ಟೆಯ ಮೇಲೆ ಅಜ್ಜಯ್ಯ ಇಡೀ ಮೈ ತಿರುಗಿಸಿ ಇವರ ಕಡೆ ನೋಡಿದ. ಅಂಜಿನಕ್ಕ ಬಾಯಿ ತೆರೆದಳು, ಚಹಾ ಇಡುತ್ತೇನೆ ಎಂದು ಒಳಗೆ ಹೋದಳು.

ಮುಂದಿನ ಹದಿನೈದು ದಿನ ಅವಳ ತಲೆಯಲ್ಲಿ ಒಂದೇ ಗಿರಣಿ. ಒಂದು ದಿನ ಅನಿಸುವುದು, ಈ ಬೆಳಕಿಗೆ ತಾನು ಗೊತ್ತಾಗಿದ್ದೇನೆ. ಕಣ್ಣಿಗೆ ಕಾಣದ ವಿಷವನ್ನೇ ಕಾಣುವಂಥದ್ದು, ನೀರು ಬಿಡುವವಳು ಹೊರಗಾದದ್ದನ್ನು ಕಾಣದೇ? ಮರುದಿನ ಅನಿಸುವುದು, ಆ ಮೂರು ದಿನ ತಾನು ಅಲ್ಲಿಗೆ ಕಾಲೇ ಇಡುವುದಿಲ್ಲ, ಮನೆಯಲ್ಲಿದ್ದವಳು ಗೋಡೆಯಾಚೆಯ ಗಾಜಿಗೆ ಹೇಗೆ ಗೊತ್ತಾಗುತ್ತಾಳೆ? ಅದರ ಮರುದಿನ: ಗಂಗವ್ವನಿಗೆ ಗೊತ್ತಾಗಿ ಅವಳೇ ನೀರು ಸಿಹಿ ಮಾಡುತ್ತಾಳೋ ಏನೋ. ಹಾಗಾದರೆ ಹನಿ ಔಷಧಿಗೂ ತಿಳಿಯಬೇಕಿತ್ತು. ಏಳನೇ ವಾಲು ತಿರುವುವುದನ್ನೇ ಮರೆತು ಒಂದು ಓಣಿ ಒಣಗಿ, ಬೈಸಿಕೊಂಡಳು. "ಬೈಯೋದು ಕಿವಿಗೆ ಬಿತ್ತು, ಯಾಕ ಬೈತಾರ ಅನ್ನೋದು ತಿಳೀಲಿಲ್ಲ ನೋಡ್ರಿ," ಎಂದು ಆ ದಿನಗಳ ಬಗ್ಗೆ ಇಷ್ಟು ಮಾತ್ರ ಹೇಳುತ್ತಾಳೆ.

ಆಮೇಲೆ ಕೀರ್ತನಾ ಬಂದಳು. ಬಸ್ಸಿಳಿದವಳೇ ಹೊರಸಿನ ಮೇಲೆ ಮುದುಡಿ ಕೂತಳು. "ಅಕ್ಕ, ಒಂಚೂರು ಬಿಸಿನೀರು ಕೊಡಿ. ಹೊಟ್ಟೆ ಹಿಂಡ್ತೈತೆ. ಬೆಳಿಗ್ಗೆ ಬಸ್ಸಲ್ಲೇ ಪೀರಿಯಡ್ಸ್ ಆಯ್ತು." ಕುಡಿದು, ಲೋಟ ಕೆಳಗಿಟ್ಟು, ಚೀಲ ಎತ್ತಿಕೊಂಡು ಮೋಟಾರು ಮನೆಗೆ ನಡೆದಳು. ಅಂಜಿನಕ್ಕ ಹಿಂದೆಯೇ ಓಡಿದಳು. ತಡೆಯಬೇಕೆಂದು ಓಡಿದಳು, ಬಾಗಿಲ ಚೌಕಟ್ಟು ಹಿಡಿದು ನಿಂತಳು. ಹುಡುಗಿ ಗಂಗವ್ವನ ಕಲ್ಲಿನ ಪಕ್ಕಕ್ಕೇ ಚೀಲ ಇಟ್ಟು, ಮುಚ್ಚಳ ತೆರೆದು, ಗಾಜನ್ನು ಬರಿಗೈಯಲ್ಲಿ ಎತ್ತಿ, ಒರೆಸಿ, ನೀರಿಗೆ ಇಳಿಬಿಟ್ಟಳು. ಹಸಿರು ದೀಪ ಮಿಟುಕಿತು. ೧.೨.

ಕಾಲು ತಾಸಾದ ಮೇಲೆ ಮತ್ತೆ ೧.೨. ಸಂಜೆಯ ತನಕ ಕೀರ್ತನಾ ಅಲ್ಲೇ ಇದ್ದಳು. ಮೋಟಾರು ಓಡಿದ ಹೊತ್ತಿಗೆ ತಕ್ಕಂತೆ ಅಂಕಿ ಏರಿತು, ಇಳಿಯಲಿಲ್ಲ.

ಅಂಜಿನಕ್ಕನ ಎದೆಯ ಮೇಲಿನ ಕಲ್ಲು ಇಳಿಯಿತು. ಅದರ ಹಿಂದೆಯೇ, ಯಾಕೆಂದು ಅವಳಿಗೂ ಹೊಳೆಯದ ಒಂದು ಸಣ್ಣ ಬೇಸರ. ಇಷ್ಟು ವರ್ಷ ತನ್ನ ಮೈಯಲ್ಲಿ ಏನೋ ಇದೆ, ತಟ್ಟುವಂಥದ್ದು, ಕೆಡಿಸುವಂಥದ್ದು ಎಂದು ನಂಬಿ ಸರಿದು ಕೂತವಳಿಗೆ ಬೆಳಕು ನಿನ್ನಲ್ಲಿ ಏನೂ ಇಲ್ಲ ಎಂದು ಹೇಳಿತ್ತು. ಏನೂ ಇಲ್ಲದ್ದಕ್ಕೆ ಹಿತ್ತಲಲ್ಲಿ ಕೂತ ದಿನಗಳನ್ನು ಯಾರನ್ನು ಕೇಳುವುದು?

ತನ್ನದಲ್ಲ ಎಂದ ಮೇಲೆ ಇನ್ನು ಉಳಿದದ್ದು ಒಂದೇ ಕೈ. ಆ ಸಂಜೆ ಒಂದು ಚಮಚೆ ತಂದು ಅತ್ತೆಯ ಮುಂದೆ ಹಿಡಿದಳು. "ಅತ್ತಿ, ಇದs ಗಾಜು ಅಂತ ತಿಳಕೋ. ನೀ ಹೆಂಗ ಒರಸ್ತಿ ತೋರ್ಸು."

"ಯಾಕ, ನಾ ಹೊಲಸು ಒರಸ್ತೀನಂತೇನ ನಿನ್ನ ಮೇಡಂ?" ಗಿಡ್ಡಮ್ಮ ಚಮಚೆ ಕಸಿದುಕೊಂಡಳು. "ನೋಡು. ಹಿಂಗ ಮ್ಯಾಲಿಂದ ಕೆಳಕ. ನಿನಗಿಂತ ಚೊಕ್ಕ." ಒರೆಸಿ ಮುಗಿಸಿ, ಸೊಂಟದ ಸಂಚಿಯಿಂದ ಎಲೆ-ಅಡಿಕೆಯ ಸುಣ್ಣದ ಡಬ್ಬಿ ತೆಗೆದಳು. ಹೆಬ್ಬೆರಳಿನಲ್ಲಿ ಚೂರು ಸುಣ್ಣ ತೆಗೆದು ಚಮಚೆಯ ತುದಿಗೆ ಸವರಿ, ಕಣ್ಣಿಗೊತ್ತಿಕೊಂಡಳು.

ಅಂಜಿನಕ್ಕ ನೋಡುತ್ತಲೇ ಇದ್ದಳು. ಗಡಸು ನೀರಿನ ಪೊರೆ ಕಟ್ಟಿದರೇ ಅಂಕಿ ಅಲ್ಲಾಡುತ್ತದೆ ಎಂದು ಕೀರ್ತನಾ ನೂರು ಸಲ ಹೇಳಿದ್ದಳು. ಇದು ಹಸಿ ಸುಣ್ಣ. ಬೆಳಕು ಓಡುವ ಜಾಗಕ್ಕೇ ಗಿಲಾವು ಹೊಡೆದ ಹಾಗೆ. ನಾಲ್ಕನೇ ದಿನ ತಾನು ಹೋಗಿ ಒರೆಸಿದರೆ ಎಲ್ಲ ಸರಿ.

"ಸುಣ್ಣ ಯಾಕತ್ತಿ?"

"ಯಾಕಂದ್ರ? ನಮ್ಮವ್ವ ಬಾವಿಗೇ ಹಾಕ್ತಿದ್ಲು, ನೀರು ತಿಳಿ ಆಕ್ಕಾವು ಅಂತ. ನೀ ಮನ್ಯಾಗ ಹೊರಗಾಗಿ ಕುಂತಿರ್ತಿ, ಅದs ಮನಿಯಿಂದ ನಾ ಹೋಗಿ ಬರೇ ಕೈಲೆ ಗಂಗವ್ವನ್ನ ಮುಟ್ಲೇನು? ಸುಣ್ಣ ಮುಟ್ಟಿಸಿದ್ರ ಮೈಲಿಗಿ ಹೋಕೈತಿ."

"ಸುಣ್ಣ ಬಿಟ್ಟು ಬರೀ ಒರಸಿದ್ರ ನಡೆಂಗಿಲ್ಲೇನು?"

"ಸುಣ್ಣ ಇಲ್ಲದ ನಾ ಮುಟ್ಟಂಗಿಲ್ಲ ನೋಡು. ಬ್ಯಾಡಾದ್ರ ಬ್ಯಾಡ ಅನ್ನು, ಮನ್ಯಾಗ ಕುಂತಿರ್ತೀನಿ." ಗಿಡ್ಡಮ್ಮ ಡಬ್ಬಿಯ ಮುಚ್ಚಳ ಪಟ್ಟನೆ ಹಾಕಿದಳು. ಆದರೆ ಅವಳ ದನಿ ಇಳಿದಿತ್ತು. ತಿಂಗಳಿಗೆ ಮೂರು ದಿನ ತಾನೂ ಬೆಂಗಳೂರಿನವರ ಯಂತ್ರ ನೋಡಿಕೊಳ್ಳುತ್ತೇನೆ ಎಂದು ಅವಳು ಓಣಿಯೆಲ್ಲ ಹೇಳಿಕೊಂಡು ಬಂದಿದ್ದಾಳೆ. ಆ ದಿನಗಳಲ್ಲಿ ಅವಳ ನಡಿಗೆಯೇ ಬೇರೆ.

ಕೀರ್ತನಾಳಿಗೆ ಹೇಳಿಬಿಡಬಹುದಿತ್ತು. ಫೋನು ಕೈಯಲ್ಲೇ ಇತ್ತು, ನಂಬರು ಒತ್ತಿಯೂ ಒತ್ತಿದಳು, ಮೊದಲ ರಿಂಗಿಗೆ ಕಡಿದಳು. ಹೇಳಿದರೆ ಆ ಹುಡುಗಿ ಬರೆಯಲೇಬೇಕು, ಅವಳ ಕೆಲಸವೇ ಅದು. ಬರೆದದ್ದು ಗುರುಸಂಗಪ್ಪನವರ ಮೇಜಿಗೆ ಹೋಗುತ್ತದೆ, ಅಲ್ಲಿಂದ ಇನ್ನೆಲ್ಲಿಗೋ. ಅಂಜಿನಕ್ಕನ ಮುಟ್ಟು, ಗಿಡ್ಡಮ್ಮನ ಸುಣ್ಣ, ಹಾಕಿದ ಸುಳ್ಳು ಸಹಿ. ಹೇಳದಿದ್ದರೆ ಹದಿನಾಲ್ಕು ಕೆಂಪು ಸುತ್ತಿಗೆ ಆ ಹುಡುಗಿ ಜೀವನಪೂರ್ತಿ ಉತ್ತರ ಹುಡುಕುತ್ತಾಳೆ. ಇದರಲ್ಲಿ ಯಾವ ಪಾಪ ದೊಡ್ಡದು ಎಂಬುದು ಅವಳಿಗೆ ಈಗಲೂ ಬಗೆಹರಿದಿಲ್ಲ.

ನಿನ್ನೆ ಸಂಜೆ ಹಿತ್ತಲಿಗೆ ಹೋದಾಗ ಗೊತ್ತಾಯಿತು. ಮೂವತ್ತೊಂಬತ್ತು ದಿನದ ಮೇಲೆ. ಎಂದಿನ ಹಾಗೆ ಬಂದು ಅತ್ತೆಗೆ ಹೇಳಬೇಕಿತ್ತು, ಒಲೆಯಿಂದ ಸರಿಯಬೇಕಿತ್ತು. ಅಂಜಿನಕ್ಕ ಕೈಕಾಲು ತೊಳೆದು ಬಂದು, ಕಲಸಿಟ್ಟ ಜೋಳದ ಹಿಟ್ಟಿನ ಮುಂದೆ ಕೂತು ರೊಟ್ಟಿ ಬಡಿಯತೊಡಗಿದಳು.

ಗಿಡ್ಡಮ್ಮ ಬಾಗಿಲಿಗೆ ಒರಗಿ ಕೂತಿದ್ದಳು. "ಏನಲೇ ಅಂಜಿನಿ, ಈ ಸಲ ನನ್ನ ಪಾಳಿ ಬರವಲ್ದು? ಒಂದು ಕಡಿಮಿ ನಲವತ್ತು ದಿನ ಆತು. ಎಣಿಸೀನಿ ನಾನು."

"ಆಗಿಲ್ಲತ್ತಿ."

"ನಿಂತ್ವೇನು ಹಂಗಾದ್ರ?"

ಹಂಚಿನ ಮೇಲೆ ರೊಟ್ಟಿ ಉಬ್ಬುತ್ತಿತ್ತು. ಅಂಜಿನಕ್ಕ ಅದನ್ನು ಮಗುಚಿ ಹಾಕಿ, ಒದ್ದೆ ಬಟ್ಟೆಯಿಂದ ಒತ್ತಿದಳು. ಈ ಒಂದು ಮಾತು ಆಡಿದರೆ ಅತ್ತೆಗೆ ಬೇಡ ಎಂದಂತಾಗುವುದಿಲ್ಲ, ಯಾರ ಕೈಯನ್ನೂ ದೂರಿದಂತಾಗುವುದಿಲ್ಲ. ನಾಳೆ, ನಾಡಿದ್ದು, ಆಚೆ ನಾಡಿದ್ದು, ಮುಂದೆ ಎಷ್ಟು ತಿಂಗಳು ಇದು ಬಂದರೂ ಗಾಜಿನ ಮೇಲೆ ತನ್ನ ಕೈ ಒಂದೇ.

"ನಿಂತಂಗ ಕಾಣ್ತೈತಿ," ಎಂದಳು.

ಗಿಡ್ಡಮ್ಮ ಎದ್ದು ಬಂದು ಪಕ್ಕದಲ್ಲಿ ಕೂತಳು. "ನಂದು ನಿಂತಾಗ ನಾ ಒಂದು ತಿಂಗಳು ಅತ್ತೀನಲೇ. ಕುರಿ ಬಿಟ್ಟುಕೊಂಡು ಅಡವಿಗೆ ಹೋದಾಗ ಅಳೋದು. ಯಾರಿಗೂ ಹೇಳ್ಲಿಲ್ಲ. ಯಾರು ಕೇಳ್ತಾರ ಅದನ್ನ?" ಸುಣ್ಣ ಅಂಟಿದ ಹೆಬ್ಬೆರಳಿನಿಂದ ಸೊಸೆಯ ತಲೆಗೂದಲು ಹಿಂದಕ್ಕೆ ಸರಿಸಿದಳು. "ನೀ ಅಳಬ್ಯಾಡ."

ನಿಜವಾಗಿ ನಿಲ್ಲುವ ದಿನ ಬಂದಾಗ ಇನ್ನು ಯಾರ ಮುಂದೆಯೂ ಹೇಳಿಕೊಳ್ಳುವ ಹಾಗಿಲ್ಲ ಎಂಬುದು ಅಂಜಿನಕ್ಕನಿಗೆ ಆಗ ಹೊಳೆಯಿತು. ಇಂಥ ಮಾತು ಕೇಳುವ ಪಾಳಿ ಇವತ್ತಿಗೇ ಮುಗಿಯಿತು.

"ಅಳಂಗಿಲ್ಲತ್ತಿ," ಎಂದು ಬಿಸಿ ರೊಟ್ಟಿ ಗಂಗಾಳಕ್ಕೆ ಹಾಕಿ, ಮುಂದಕ್ಕೆ ತಳ್ಳಿದಳು. "ಉಣ್ಣು. ನಾಳಿ ನಾನs ಹೊಕ್ಕೀನಿ."